ಹೊಸ ಕ್ಯಾಮೆರಾದ ಕೆಂಪು

ಮಂಗಳವಾರ, ಫೆಬ್ರುವರಿ ತಿಂಗಳು, ಬೆಳಗಿನ ಆರೂ ಹತ್ತು. ಹಾವೇರಿಯ ಸಿದ್ಧೇಶ್ವರ ಗುಡಿಯ ಅಂಗಳ. ಹಾಜರಿದ್ದವರು ಇಬ್ಬರು: ನಾನು ಮತ್ತು ನೆರೆಮನೆಯ ಖಾದರಸಾಬ. ಸಾಮಾನು: ಹೊಸ ಕ್ಯಾಮೆರಾ ಒಂದು, ಬ್ಯಾಟರಿ ಎರಡು, ನೀರಿನ ಬಾಟಲಿ ಎರಡು, ನನ್ನ ಮೊಣಕಾಲಿಗೆ ಕಟ್ಟುವ ಪಟ್ಟಿ ಒಂದು ಜೊತೆ.

ಹೊರಟ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ತಂಗಿ ಗಂಗವ್ವ ಬ್ಯಾಡಗಿ ಊರ ಹೊರಗೆ ಮೆಣಸಿನಕಾಯಿ ಬೆಳೆಯುತ್ತಾಳೆ. ಸೊಂಟದ ನೋವಿನಿಂದ ಈ ವರ್ಷ ಅವಳು ಮಾರುಕಟ್ಟೆಗೆ ಹೋಗಿ ನಿಲ್ಲುವಂತಿಲ್ಲ. ಕಾಯಿಯ ಫೋಟೋ ನೋಡಿ ಕಣದಿಂದಲೇ ಒಯ್ಯುತ್ತೇನೆ ಎಂದು ಹುಬ್ಬಳ್ಳಿಯ ವ್ಯಾಪಾರಿ ಬಸಣ್ಣ ಒಪ್ಪಿದ್ದ. ಅವನು ಗಂಗವ್ವನ ಕಾಯಿಯನ್ನು ಎಂದೂ ಚೀಲ ಬಿಚ್ಚಿ ನೋಡಿದವನಲ್ಲ. ಬೇರೆಯವರ ಚೀಲಕ್ಕೆ ಕೈ ಹಾಕಿ, ತಳದಿಂದ ಕಾಯಿ ಎಳೆದು, ಮುರಿದು, ಬೀಜ ಉದುರಿಸಿ ನೋಡುತ್ತಾನೆ. ಇವಳ ಚೀಲದ ಮೇಲೆ ಅಂಗೈ ತಟ್ಟಿ ಮುಂದೆ ಹೋಗುತ್ತಾನೆ. ಇಡೀ ಮಾರುಕಟ್ಟೆ ನೋಡುತ್ತಿರುವಾಗ ಸಿಗುವ ಆ ಒಂದು ತಟ್ಟು ನನ್ನ ತಂಗಿಗೆ ದೊಡ್ಡದು. ಫೋಟೋ ಇವತ್ತು ಸಂಜೆಯೊಳಗೆ ಅವನಿಗೆ ಮುಟ್ಟಬೇಕಾಗಿತ್ತು.

ಕ್ಯಾಮೆರಾ ಬಂದು ಮೂರು ದಿನವಾಗಿತ್ತು. ಅರವತ್ತು ಪಟ್ಟು ಹತ್ತಿರ ತರುವ ಜೂಮ್ ಇದೆ. ಹಕ್ಕಿ, ಪ್ರಾಣಿಗಳ ಹಿಂದೆ ನಡೆಯಲು ಕಾಲು ಒಪ್ಪದ ಕಾರಣ ಕೊಂಡದ್ದು. ಮೂವತ್ತೆರಡು ವರ್ಷ ಡ್ರಿಲ್ ಮಾಸ್ತರನಾಗಿದ್ದವನು ನಾನು. ಪರೀಕ್ಷೆ ಮಾಡದ ಸಾಮಾನನ್ನು ಕೆಲಸಕ್ಕೆ ಹಚ್ಚುವುದಿಲ್ಲ. ಆದ್ದರಿಂದ ಕ್ರಮ ಹೀಗೆ ಹಾಕಿಕೊಂಡೆ: ಕತ್ತಲೆಗೆ ಹಾವೇರಿಯ ಗುಡಿ, ದೂರಕ್ಕೆ ರಾಣೆಬೆನ್ನೂರಿನ ಕೃಷ್ಣಮೃಗ, ಆಮೇಲೆ ಬ್ಯಾಡಗಿಯ ಕೆಲಸ.

ಖಾದರಸಾಬ ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿ ಬಾಗಿಲು ಹಾಕಿದವನು. ಕರೆಯದೇ ಬಂದಿದ್ದ.

"ಮಾಸ್ತರ, ಕ್ಯಾಮೆರಾಕ್ಕೂ ಕವಾಯತು ಮಾಡಸ್ತೀರೇನು?" ಎಂದ.

"ಮಾಡಸ್ತೇನಿ. ನಿನಗೂ ಮಾಡಸ್ತೇನಿ. ಆ ದೀಪದ ಕಂಬದ ಮುಂದಿಂದ ಸರಿ."

ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಗಿನ ಹೊತ್ತು ಒಳಗೆ ಬೆಳಕು ಕಡಿಮೆ. ಕಂಬದ ಮೇಲಿನ ಕೆತ್ತನೆಯನ್ನು ಕೈಯಲ್ಲೇ ಹಿಡಿದು ತೆಗೆದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಚಿತ್ರ ಚೆನ್ನಾಗಿತ್ತು. ದೊಡ್ಡದು ಮಾಡಿ ನೋಡಿದಾಗ ಕಲ್ಲಿನ ಮೇಲೆ ಯಾರೋ ಮೇಣ ಸವರಿದಂತಿತ್ತು. ಉಳಿಯ ಗೆರೆಗಳು ಕರಗಿಹೋಗಿದ್ದವು. ಕತ್ತಲಲ್ಲಿ ಚಿತ್ರದ ಮೇಲೆ ಏಳುವ ಕಾಳುಕಾಳಾದ ಚುಕ್ಕೆಗಳನ್ನು ಅಳಿಸಲು ಹೋಗಿ ಕ್ಯಾಮೆರಾ ಕೆತ್ತನೆಯನ್ನೂ ಅಳಿಸಿತ್ತು. ಹೊರಗೆ ಬಂದು ಬೆಳಕಿನಲ್ಲಿದ್ದ ಗೋಡೆಯ ಚಿತ್ರ ತೆಗೆದೆ. ಅದು ಒಳ್ಳೆಯದು ಬಂತು. ಗೋಡೆಯ ಮೇಲೆ ಕೂತ ಪಾರಿವಾಳದ ಕಣ್ಣಿನ ಸುತ್ತಲಿನ ಬಳೆಯೂ ಕಂಡಿತು.

"ಬೆಳಕಿದ್ರ ಎಲ್ಲಾರೂ ಛಲೋ ಫೋಟೋಗ್ರಾಫರ," ಎಂದ ಖಾದರಸಾಬ.

ಏಳೂವರೆಯ ಬಸ್ಸು ಏಳೂ ಐವತ್ತಕ್ಕೆ ಬಂತು. ರಾಣೆಬೆನ್ನೂರಿಗೆ ಸುಮಾರು ಮೂವತ್ತಮೂರು ಕಿಲೋಮೀಟರ್. ಹಿರಿಯರ ರಿಯಾಯಿತಿಗೆ ಗುರುತಿನ ಚೀಟಿ ತೋರಿಸಿದೆವು. ಹೆದ್ದಾರಿ ನುಣ್ಣಗಿತ್ತು, ಸೀಟು ಅಲ್ಲ. ಮೋಟೆಬೆನ್ನೂರು ದಾಟುವ ಹೊತ್ತಿಗೆ ಬಲ ಮೊಣಕಾಲು ಮಾತಾಡಲು ಶುರು ಮಾಡಿತ್ತು. ಹಿಂದಿನ ರಾತ್ರಿ ಕ್ಯಾಮೆರಾದ ಪುಸ್ತಕ ಓದುತ್ತ ಕೂತು ನಿದ್ದೆಯೂ ಸಾಲದಾಗಿತ್ತು. ಆ ಪುಸ್ತಕದ ನೂರ ಎಂಬತ್ತು ಪುಟಗಳಲ್ಲಿ ತೊಂಬತ್ತಕ್ಕೆ ನಿಲ್ಲಿಸಿದ್ದೆ. ಅದು ತಪ್ಪು. ಬಣ್ಣದ ಅಧ್ಯಾಯ ತೊಂಬತ್ತಾರನೇ ಪುಟದಲ್ಲಿತ್ತೆಂದು ಈಗ ಗೊತ್ತಿದೆ.

ರಾಣೆಬೆನ್ನೂರಿನಲ್ಲಿ ಇಡ್ಲಿ, ಚಹಾ. ಅಲ್ಲಿಂದ ಆಟೋ ಮಾಡಿಕೊಂಡು ಕೃಷ್ಣಮೃಗ ಧಾಮದ ಕಡೆಗೆ ಹೊರಟೆವು. ತಲುಪಿದಾಗ ಒಂಬತ್ತೂ ಮುಕ್ಕಾಲು, ತಡವಾಗಿತ್ತು. ಬಿಸಿಲು ಆಗಲೇ ನೆಲಕ್ಕೆ ಹತ್ತಿತ್ತು. ನೀಲಗಿರಿ ತೋಪು ಮುಗಿದು ಬಯಲು ಶುರುವಾಗುವ ಕಡೆ ಆಟೋ ನಿಂತಿತು. ಚಾಲಕ ಕೈ ತೋರಿಸಿದ: "ಅಲ್ಲಿ ನೋಡ್ರಿ, ಆ ಜಾಲಿ ಗಿಡದ ಆಚೆ. ಗಂಡು ಐತಿ."

ಬರಿಗಣ್ಣಿಗೆ ಅದೊಂದು ಕರಿ ಚುಕ್ಕೆ. ಆಟೋದ ಸರಳಿಗೆ ಮೊಣಕೈ ಊರಿ ಜೂಮನ್ನು ಪೂರ್ತಿ ಎಳೆದೆ. ಚುಕ್ಕೆ ಚಿಗರಿಯಾಯಿತು. ಕಪ್ಪು ಬೆನ್ನು, ಬಿಳಿ ಹೊಟ್ಟೆ, ತಿರುಚಿದ ಕೊಂಬು. ಮೂರು ದಶಕ ನಾನು ಹುಡುಗರನ್ನು ಕರೆದುಕೊಂಡು ಬಂದು, ಮುಳ್ಳಿನಲ್ಲಿ ನಡೆಸಿ, ದೂರದಿಂದ ಓಡುವ ಬೆನ್ನನ್ನಷ್ಟೇ ತೋರಿಸಿದ ಪ್ರಾಣಿ ಕುಳಿತಲ್ಲಿಗೆ ಬಂದಿತ್ತು. ಒಂದು ಕ್ಷಣ ದಣಿವು ಮರೆತುಹೋಯಿತು.

ಆದರೆ ಚಿತ್ರ ನಿಲ್ಲಲಿಲ್ಲ. ಇಪ್ಪತ್ತೆರಡು ತೆಗೆದೆ. ಒಂದೊಂದರಲ್ಲೂ ಕೊಂಬು ಒಂದೊಂದು ರೀತಿ ಬಳುಕಿತ್ತು. ಕೈ ನಡುಗಿತೆಂದುಕೊಂಡು ಉಸಿರು ಹಿಡಿದು ತೆಗೆದರೂ ಅದೇ ಹಾಡು.

ಖಾದರಸಾಬ ಇಣುಕಿದ. "ಚಿಗರಿ ಬಾವ್ಯಾಗ ನಿಂತಂಗ ಐತಲ್ರೀ."

"ನೆಲದ ಝಳ. ಕ್ಯಾಮೆರಾದ ತಪ್ಪಲ್ಲ."

"ತಪ್ಪು ನಿಮ್ಮದು ಹಂಗಾರ. ಎರಡು ತಾಸು ಮೊದಲ ಬರಬೇಕಿತ್ತು. ನಾ ಹೇಳಿದ್ದೆ, ಗುಡಿ ಬಿಡ್ರಿ ಅಂತ."

ಅವನು ಹೇಳಿರಲಿಲ್ಲ. ವಾದ ಮಾಡುವ ಶಕ್ತಿ ಇರಲಿಲ್ಲವಾದ್ದರಿಂದ ಬಿಟ್ಟೆ. ಬರೆದುಕೊಂಡದ್ದು ಇಷ್ಟು: ಜೂಮ್ ಅರ್ಧದವರೆಗೆ ನಂಬಬಹುದು, ಪೂರ್ತಿ ಎಳೆದರೆ ಪ್ರಾಣಿಯ ಗುರುತು ಸಿಗುತ್ತದೆ, ರೋಮ ಸಿಗುವುದಿಲ್ಲ, ಬೆಳಗಿನ ಎಂಟರೊಳಗೆ ಮುಗಿಸತಕ್ಕದ್ದು.

ರಾಣೆಬೆನ್ನೂರಿಗೆ ಮರಳಿ ಖಾನಾವಳಿಯಲ್ಲಿ ಊಟ: ಎರಡು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ. ಖಾದರಸಾಬ ಮೂರನೇ ರೊಟ್ಟಿ ಕೇಳಿದ. ಒಂದೂ ಹತ್ತರ ಬ್ಯಾಡಗಿ ಬಸ್ಸಿನಲ್ಲಿ ನಿಂತೇ ಹೋಗಬೇಕಾಯಿತು. ಅರ್ಧ ದಾರಿಯ ಮೇಲೆ ಒಬ್ಬ ಹೆಣ್ಣುಮಗಳು ಎದ್ದು "ಕುಂದ್ರಿ ಅಜ್ಜಾ" ಎಂದಳು. ಕುಳಿತೆ. ಬೇಡ ಎನ್ನುವ ವಯಸ್ಸು ದಾಟಿದೆ. ಊರು ಹತ್ತಿರ ಬಂದಂತೆ ಬಸ್ಸಿನಲ್ಲಿ ಒಬ್ಬರಾದ ಮೇಲೊಬ್ಬರು ಸೀನತೊಡಗಿದರು. ಫಲಕ ನೋಡಬೇಕಿಲ್ಲ, ಬ್ಯಾಡಗಿ ಮೂಗಿಗೆ ಮೊದಲು ಬರುತ್ತದೆ.

ಎರಡೂ ಮುಕ್ಕಾಲಿಗೆ ಗಂಗವ್ವನ ಕಣದಲ್ಲಿದ್ದೆವು. ಅವಳ ಸೊಸೆ ಕೆಲಸಕ್ಕೆ ಹೋಗಿದ್ದಳು. ತಂಗಿ ಒಬ್ಬಳೇ ರಾಶಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಬ್ಯಾಡಗಿಯ ಕಡ್ಡಿಗಾಯಿ, ಉದ್ದಕ್ಕೆ, ತೆಳ್ಳಗೆ, ಮೈತುಂಬ ಸುಕ್ಕು. ಆ ಸುಕ್ಕೇ ಅದರ ಗುರುತು. ಚೀಲಕ್ಕೆ ತುಂಬುವುದು ಫೋಟೋ ಆದ ಮೇಲೆ ಎಂದು ಕಾದಿದ್ದಳು.

ಗಂಗವ್ವನದೊಂದು ಪದ್ಧತಿ ಇದೆ, ನಮ್ಮ ಅವ್ವನಿಂದ ಬಂದದ್ದು. ಬೇರೆಯವರು ಒಳ್ಳೆಯ ಕಾಯಿಯನ್ನು ರಾಶಿಯ ಮೇಲೆ ಹರವುತ್ತಾರೆ. ಇವಳು ಬಣ್ಣ ಇಳಿದ ಕಾಯಿಯನ್ನು ಆರಿಸಿ ಮೇಲೆ ಹರವುತ್ತಾಳೆ. ನೋಡುವವನು ಮೊದಲು ಕೆಟ್ಟದ್ದನ್ನೇ ನೋಡಲಿ, ಆಮೇಲೆ ಕೈ ಹಾಕಿದರೆ ಒಳ್ಳೆಯದು ಸಿಗಲಿ ಎಂದು. ಬಸಣ್ಣ ಚೀಲ ಬಿಚ್ಚದಿರುವುದಕ್ಕೆ ಕಾರಣ ಇದೇ. ಅಂದೂ ಅವಳು ಕೈಯಿಂದ ಮೇಲ್ಪದರ ಹರವುತ್ತಿದ್ದಾಗಲೇ ನಾನು ನಾಲ್ಕು ಚಿತ್ರ ತೆಗೆದೆ. ಹಗಲು, ಹತ್ತಿರದ ವಸ್ತು, ಝಳವಿಲ್ಲ. ನನ್ನ ಪರೀಕ್ಷೆಯ ಪ್ರಕಾರ ಎಲ್ಲ ಸರಿ. ಚಿತ್ರವನ್ನು ಮೊಬೈಲಿಗೆ ಇಳಿಸಲು ಕಾಲು ತಾಸು ಹಿಡಿಯಿತು. ಸಣ್ಣ ಪರದೆಯಲ್ಲಿ ರಾಶಿ ಕೆಂಡದಂತೆ ಹೊಳೆಯಿತು. ನಾಲ್ಕೂವರೆಯ ಬಸ್ಸು ಹಿಡಿಯುವ ಆತುರ. ತಂಗಿ ಚಹಾಕ್ಕೆಂದು ಒಳಗೆ ಹೋದಾಗ ಬಸಣ್ಣನಿಗೆ ಕಳಿಸಿಬಿಟ್ಟೆ.

ಅವನ ಉತ್ತರ ಚಹಾಕ್ಕಿಂತ ಮೊದಲು ಬಂತು. ದನಿಯ ಸಂದೇಶ: "ಮಾಸ್ತರ, ಮ್ಯಾಲಿನವ ಹಿಂಗಿದ್ರ ಕೆಳಗಿನವ ಹೆಂಗಿರಬೇಕ್ರೀ! ಬೆಳಿಗ್ಗೆ ಗಾಡಿ ಕಳಸ್ತೇನಿ. ಯಾರಿಗೂ ತೋರಸಬ್ಯಾಡ್ರಿ ಅಂತ ಹೇಳ್ರಿ ಗಂಗವ್ವಗ."

ನಾನು ಹೆಮ್ಮೆಯಿಂದ ಚಿತ್ರವನ್ನು ತಂಗಿಗೆ ತೋರಿಸಿದೆ. ಅವಳು ಕನ್ನಡಕ ಏರಿಸಿ ನೋಡಿದಳು. ಕಾಯಿ ನೋಡಲಿಲ್ಲ.

"ಅಣ್ಣಾ, ನನ್ನ ಕೈಗೆ ಏನಾಗೇತಿ?"

"ಏನಾಗೇತಿ?"

"ಮದರಂಗಿ ಹಚ್ಚಿದಂಗ ಐತಲ್ಲ. ಈ ವಯಸ್ಸಿಗೆ ನನಗ ಯಾರು ಹಚ್ಚಿದ್ರು?"

ರಾಶಿಯ ಮೇಲಿನ ಅವಳ ಕೈ ಚಿತ್ರದಲ್ಲಿ ಕೆಂಪಗಿತ್ತು. ಖಾದರಸಾಬ ಮೊಬೈಲು ಇಸಿದುಕೊಂಡು ಒಂದೇ ಸಲ ನೋಡಿ ತಲೆ ಅಲ್ಲಾಡಿಸಿದ. "ಮೈಬಣ್ಣ ಕೆಟ್ಟರ ಎಲ್ಲಾ ಕೆಟ್ಟಂಗ. ಇದು ಬಣ್ಣ ಏರಿಸೇತಿ ಮಾಸ್ತರ. ಅಂಗಡ್ಯಾಗ ಜನ ಮೆಚ್ಚಲಿ ಅಂತ ಹಂಗ ಇಟ್ಟಿರ್ತಾರ. ಸುಕ್ಕು ನೋಡ್ರಿ, ಒಂದರ ಕಾಣತಾವೇನು?"

ಕಾಣುತ್ತಿರಲಿಲ್ಲ. ಕೆಂಪು ಉಕ್ಕಿ ಸುಕ್ಕೆಲ್ಲ ಮುಚ್ಚಿಹೋಗಿತ್ತು. ಮೇಲಿನ ಬಣ್ಣಗೇಡಿ ಕಾಯಿಗಳೂ ಕೆಂಪಗಾಗಿದ್ದವು. ಗುಡಿಯ ಕಲ್ಲಿಗೆ ಕೆಂಪಿಲ್ಲ, ಚಿಗರಿಗೆ ಕೆಂಪಿಲ್ಲ. ಬೆಳಗಿನಿಂದ ಪರೀಕ್ಷೆ ಮಾಡಿದವನು ಬಣ್ಣವನ್ನೇ ಪರೀಕ್ಷಿಸಿರಲಿಲ್ಲ.

ಗಂಗವ್ವ ಚಹಾದ ಕಪ್ಪು ಕೆಳಗಿಟ್ಟಳು. "ಇದನ್ನ ಬಸಣ್ಣಗ ಕಳಿಸೀಯೇನು?"

"ಕಳಿಸೇನಿ. ನಾಳೆ ಗಾಡಿ ಕಳಸ್ತಾನಂತ."

"ಕೆಟ್ಟ ಕಾಯಿನ ಹಿಂಗದಾವು ಅಂತ ತಿಳದಾನ ಅಂವ. ಗಾಡಿಯಿಂದ ಇಳಿಸಿ ನೋಡಿದ ಮ್ಯಾಲೆ, ಫೋಟೋದಾಗ ಹೊಳೀಲಿ ಅಂತ ಗಂಗವ್ವ ಎಣ್ಣಿ ಸವರ್ಯಾಳ ಅಂತಾನ. ಇಡೀ ಮಾರ್ಕೆಟ್ಟಿಗೆ ಅಂತಾನ." ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಹಗುರವಾಗುತ್ತಿತ್ತು. "ಮತ್ತ ತಗಿ. ಲಗೂ ತಗಿ, ಬಿಸಲು ಇರೂತನಾ."

ಪುಸ್ತಕದ ಉಳಿದ ತೊಂಬತ್ತು ಪುಟ ಮನೆಯಲ್ಲಿತ್ತು. ಖಾದರಸಾಬ ಗುಂಡಿಗಳನ್ನು ಒತ್ತುತ್ತ ಬಣ್ಣದ ಪಟ್ಟಿ ಹುಡುಕಿದ. ಮೂರು ಸಲ ದಾರಿ ತಪ್ಪಿದ, ಒಮ್ಮೆ ಭಾಷೆಯೇ ಬದಲಾಯಿತು. ಕೊನೆಗೆ 'ಉಜ್ವಲ' ಎಂಬರ್ಥದ ಆಯ್ಕೆ ತೆಗೆದು 'ಸಹಜ' ಇಟ್ಟ. ಆಮೇಲೆ ತಲೆಯ ಬಿಳಿ ಟೊಪ್ಪಿಗೆ ತೆಗೆದು ರಾಶಿಯ ಪಕ್ಕ ಇಟ್ಟ.

"ಇದು ಬೆಳ್ಳಗ ಕಾಣೂಹಂಗ ಹೊಂದಸ್ರಿ. ಟೊಪ್ಪಿಗಿ ಖರೇ ಬಂದ್ರ ಕಾಯಿನೂ ಖರೇ ಬರ್ತಾವು. ಸ್ಟುಡಿಯೋದಾಗ ಮದಿಮಗನ ಅಂಗಿ ನೋಡತಿದ್ದೆ."

"ಟೊಪ್ಪಿಗಿ ಬೆಳ್ಳಗ ಇದ್ರ ಅಲ್ಲೇನು?" ಎಂದಳು ಗಂಗವ್ವ. "ಒಗದು ಎಷ್ಟು ದಿನ ಆತು?"

"ನಮ್ಮ ಬೀಬಿ ಕೇಳಿಸಿಕೊಂಡ್ರ ನಿಮ್ಮ ಮನಿಗೆ ಬಂದು ಜಗಳಾ ತಗೀತಾಳ, ಅಕ್ಕಾ."

ಟೊಪ್ಪಿಗೆ ನೋಡಿ ಹೊಂದಿಸಿದೆ, ಎತ್ತಿಕೊಟ್ಟೆ. ಗಂಗವ್ವ ಮೇಲಿನ ಕಾಯಿ ಒಂದು ಹಿಡಿ, ತಳದ ಕಾಯಿ ಒಂದು ಹಿಡಿ ಎರಡೂ ಅಂಗೈಗಳಲ್ಲಿ ಹಿಡಿದಳು. ಮಂಡಿಯೂರಿ ತೆಗೆದೆ. ಏಳಲು ಖಾದರಸಾಬನ ಹೆಗಲು ಬೇಕಾಯಿತು. ಈ ಸಲ ಚಿತ್ರ ಮಂಕಾಗಿತ್ತು, ಆದರೆ ಸುಕ್ಕು ಒಂದೊಂದೂ ಎಣಿಸುವಂತಿತ್ತು. ಒಂದು ಅಂಗೈಯ ಕಾಯಿ ಕಡುಗೆಂಪು, ಇನ್ನೊಂದರದು ಇಟ್ಟಿಗೆ ಬಣ್ಣ. ಅವಳ ಕೈ ಅವಳ ಕೈಯಂತೆಯೇ ಇತ್ತು. ಕ್ಯಾಮೆರಾದ ಬಗ್ಗೆ ಕೇಳುವವರಿಗೆ ನಾನು ತೋರಿಸುವ ಚಿತ್ರ ಅದೊಂದೇ.

ಐದೂ ಕಾಲಿಗೆ ಕಳಿಸಿದೆ. ಬಸ್ಸು ಹೋಗಿತ್ತು. ಹತ್ತು ನಿಮಿಷಕ್ಕೆ ಬಸಣ್ಣನೇ ಫೋನ್ ಮಾಡಿದ. ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಗಂಗವ್ವ ಕೈ ಚಾಚಿದಳು. ದನಿ ನಮಗೂ ಕೇಳುವಂತೆ ಮಾಡಿ ಕೊಟ್ಟೆ.

"ಗಂಗವ್ವಾ, ಯಾವದು ನಿನ್ನ ಕಾಯಿ? ಮೊದಲನೇದೋ, ಈಗ ಬಂದದ್ದೋ?"

"ಈಗ ಬಂದದ್ದು. ಮೊದಲನೇದು ಅಣ್ಣನ ಕ್ಯಾಮೆರಾದ ಕಾಯಿ."

"ಸುಮ್ಮನಿದ್ದಿದ್ರ ಗಾಡಿ ಬಂದು ಒಯ್ತಿತ್ತಲ್ಲವಾ."

"ಅದಕ್ಕ ಎರಡನೇದು ಕಳಿಸಿದ್ದು."

"ಈಗ ನನಗೂ ಒಂದು ಅನುಮಾನ ಹೊಕ್ಕೇತಿ ನೋಡು. ಎರಡು ಫೋಟೋ, ಎರಡು ಬಣ್ಣ. ಗಾಡಿ ಬ್ಯಾಡ. ಗುರುವಾರ ಬಜಾರಕ್ಕ ಬರ್ತೇನಿ, ಹಂಗ ನಿನ್ನ ಕಣಕ್ಕೂ ಬರ್ತೇನಿ. ಬಿಚ್ಚಿ ನೋಡಿ ಒಯ್ತೇನಿ."

ಗಂಗವ್ವ ನನ್ನ ಮುಖ ನೋಡಲಿಲ್ಲ. "ಬಾ. ತಳದಾಗ ಕೈ ಹಾಕು, ಮುರದು ನೋಡು. ಊಟಕ್ಕ ಇಲ್ಲೇ ಇರು," ಎಂದು ಮೊಬೈಲನ್ನು ನನ್ನ ಕೈಗೆ ಇಟ್ಟಳು.

ಇಷ್ಟು ವರ್ಷ ಬಿಚ್ಚದ ಚೀಲವನ್ನು ಅವನು ಬಿಚ್ಚುವಂತೆ ಮಾಡಿದವನು ನಾನು. ಹಾಗೆಂದು ಹೇಳಿದೆ. ತಪ್ಪಾಯಿತು ಎಂದೂ ಹೇಳಿದೆ. ತಂಗಿಗೆ ಆ ಮಾತು ನಾನು ಮೊದಲು ಯಾವಾಗ ಹೇಳಿದ್ದೆನೋ ನೆನಪಿಲ್ಲ.

"ಬಿಚ್ಚಿ ನೋಡಿದ್ರ ಕಾಯಿ ಕರಗತಾವೇನು?" ಎಂದಳು. ಕುರ್ಚಿಯ ಕೈ ಹಿಡಿದು ನಿಧಾನ ಎದ್ದಳು. "ಮಾತು ಸಾಕು. ಮಂಜು ಬೀಳೂ ಹೊತ್ತಾತು. ರಾಶಿಗೆ ತಾಡಪತ್ರಿ ಹೊಚ್ಚಬೇಕು, ಆ ಕಡೆ ತುದಿ ಹಿಡಿ."

ತುದಿ ಹಿಡಿದೆ. ಇನ್ನೊಂದು ತುದಿ ಖಾದರಸಾಬ ಹಿಡಿದ. ಗಂಗವ್ವ ನಿಂತಲ್ಲಿಂದಲೇ, ಎಡಕ್ಕೆ, ಇನ್ನೂ ಎಡಕ್ಕೆ, ಎಳೀಬ್ಯಾಡ್ರಿ, ಕಾಯಿ ಒಡೀತಾವು ಎಂದು ಹೇಳುತ್ತ ಹೋದಳು. ಮೂವತ್ತೆರಡು ವರ್ಷ ನಾನು ಹೇಳಿ ಮಾಡಿಸಿದವನು. ಆ ಸಂಜೆ ಅವಳು ಹೇಳಿದಂತೆ ಮಾಡಿದೆ. ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟೆವು. ಕೊನೆಯ ಕಲ್ಲು ಇಟ್ಟಾಗ ಆರೂ ಇಪ್ಪತ್ತು.