ನಾಲ್ವರ ನಡುವೆ ಮೂರು ಬೈರಾಸು

ಸೆಮಿಫೈನಲ್‌ನಲ್ಲಿ ಮೂರು ಗೋಲು ಬಿಟ್ಟವನು ನಾನು. ಅದರಲ್ಲಿ ಒಂದು ನನ್ನ ಎರಡು ಕಾಲುಗಳ ನಡುವೆಯೇ ಹೋಯಿತು, ಅದೂ ಏನೇನೂ ಅವಸರವಿಲ್ಲದೆ. ಆದರೂ ಮರುವಾರ ನಮ್ಮ ಮನೆಯ ಹಾಲ್‌ನಲ್ಲಿ ತಂಡದ ಕಮಿಟಿ ಕೂತು ಚರ್ಚಿಸಿದ್ದು ಗೋಲ್‌ಕೀಪರನನ್ನು ಬದಲಾಯಿಸುವ ಬಗ್ಗೆ ಅಲ್ಲ, ಡಿಫೆನ್ಸ್ ಕೋಚನ್ನು ಬದಲಾಯಿಸುವ ಬಗ್ಗೆ. ಆ ಕೋಚ್ ನನ್ನ ಹೆಂಡತಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಶಾಲೆಯಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ದುಬೈಯಲ್ಲಿ. ಈ ಗಾದೆಯಲ್ಲಿ ಎಮ್ಮೆ ಯಾರು ಎಂದು ಮನೆಯಲ್ಲಿ ಕೇಳಿದರೆ ಏನು ಉತ್ತರ ಕೊಡಬೇಕೆಂದು ಇನ್ನೂ ಯೋಚಿಸಿಲ್ಲ.

ನಮ್ಮದು ಕರಾವಳಿಯವರ ವಾರಾಂತ್ಯದ ಫುಟ್‌ಬಾಲ್ ತಂಡ. ಉಡುಪಿ, ಮಂಗಳೂರು ಕಡೆಯ ತುಳುವರು ಮತ್ತು ಬ್ಯಾರಿಗಳು. ಆಫೀಸಿನಲ್ಲಿ ಕೂರುವವರು, ಅಂಗಡಿ ಇಟ್ಟವರು, ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಿಂದ ಬಸ್ಸು ಹಿಡಿದು ಬರುವವರು. ಅಭ್ಯಾಸ ಅಲ್ ಕೂಜ್‌ನ ಗೋದಾಮುಗಳ ಹಿಂದಿನ ಬಾಡಿಗೆ ಮೈದಾನದಲ್ಲಿ. ಮುಖ್ಯ ಕೋಚ್ ಅಲ್ಲೇ ಟೈರ್ ವ್ಯಾಪಾರ ಮಾಡುವ ಒಬ್ಬ ಬ್ಯಾರಿ. ಮಾತು ಕಡಿಮೆ, ವಿಸಿಲ್ ಜಾಸ್ತಿ. ಖಜಾಂಚಿ ಒಂದು ಶಿಪ್ಪಿಂಗ್ ಕಂಪನಿಯ ಮ್ಯಾನೇಜರ್, ಉಡುಪಿಯ ಕಡೆಯವರು. ನಮ್ಮ ಜೆರ್ಸಿಗೆ ಪ್ರಾಯೋಜಕರನ್ನು ಹಿಡಿದು ತರುವವರು ಅವರೇ, ಹಾಗಾಗಿ ಕಮಿಟಿಯಲ್ಲಿ ಅವರು ಕೆಮ್ಮಿದರೂ ಎಲ್ಲರೂ ತಿರುಗಿ ನೋಡುತ್ತಾರೆ.

ಈ ಗಂಡಸರ ನಡುವೆ ನನ್ನ ಹೆಂಡತಿ ಹೇಗೆ ಬಂದಳು ಎಂದರೆ, ಕಾರು ಓಡಿಸಿಕೊಂಡು ಬಂದಳು. ಮನೆಯಲ್ಲಿ ಮೊದಲು ಲೈಸೆನ್ಸ್ ಸಿಕ್ಕಿದ್ದು ಅವಳಿಗೆ. ನನ್ನನ್ನು ಮೈದಾನಕ್ಕೆ ಬಿಟ್ಟು, ಕಾರಿನಲ್ಲಿ ಎಸಿ ಹಾಕಿಕೊಂಡು ಫೋನ್ ನೋಡುತ್ತಾ ಕೂತಿರುತ್ತಿದ್ದಳು. ನಮ್ಮ ಡಿಫೆನ್ಸಿನ ನಾಲ್ವರು ಆಗೆಲ್ಲ ಚೆಂಡು ಕಂಡ ಕಡೆ ಒಬ್ಬೊಬ್ಬರಾಗಿ ನುಗ್ಗುತ್ತಿದ್ದರು. ಒಬ್ಬ ತಪ್ಪಿದರೆ ಅವನ ಹಿಂದೆ ನಾನೊಬ್ಬನೇ, ನಾನು ಇದ್ದೂ ಇಲ್ಲದ ಹಾಗೆ. ಒಂದು ಶನಿವಾರ ಅವಳಿಗೆ ತಡೆಯಲಾಗಲಿಲ್ಲ. ಕಾರಿನಿಂದ ಇಳಿದು ಗೆರೆಯ ಹತ್ತಿರ ಬಂದು, "ಹೀಗೆ ಒಬ್ಬೊಬ್ಬರೇ ಹೋಗಿ ಸಾಯ್ಲಿಕ್ಕೆ ಉಂಟಾ? ಚೈನ್ ಬಿಟ್ಟು ಹೋಗ್ತಾರಾ ಯಾರಾದ್ರೂ?" ಎಂದು ಕೂಗಿದಳು.

ಅವಳು ಕಾಲೇಜಿನ ದಿನಗಳಲ್ಲಿ ವಿಶ್ವವಿದ್ಯಾಲಯದ ಕಬಡ್ಡಿ ತಂಡದಲ್ಲಿ ಎಡಗಡೆಯ ಮೂಲೆ ಕಾಯುತ್ತಿದ್ದವಳು. ಚೈನ್ ಎಂದರೆ ಹಿಡಿಯುವವರು ಕೈ ಕೈ ಹಿಡಿದು ನಿಲ್ಲುವ ಸಾಲು. ಅದು ಮೈದಾನದಲ್ಲಿದ್ದ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ, ನಮ್ಮೂರಿನವರಲ್ಲವೇ. ಮುಖ್ಯ ಕೋಚ್ ವಿಸಿಲನ್ನು ಬಾಯಿಂದ ತೆಗೆದು, "ಅಕ್ಕ, ಹಾಗಾದ್ರೆ ನೀವೇ ಹೇಳಿಕೊಡಿ" ಎಂದರು. ಬಹುಶಃ ತಮಾಷೆಗೆ ಹೇಳಿದ್ದು. ಅವಳು ತಮಾಷೆ ಎಂದು ತಿಳಿಯಲಿಲ್ಲ.

ಮರುವಾರ ಮನೆಯಿಂದ ಮೂರು ಬೈರಾಸು ತಂದಳು. ಊರಿನಿಂದ ಪ್ರತಿ ಸಲ ತರುವ, ಮೈ ಒರೆಸಿಕೊಳ್ಳುವ, ಗೆರೆಗಳಿರುವ ಅದೇ ತೆಳು ಬೈರಾಸು. ನಾಲ್ವರನ್ನು ಸಾಲಾಗಿ ನಿಲ್ಲಿಸಿ, ಒಬ್ಬನ ಮಣಿಕಟ್ಟಿಗೂ ಪಕ್ಕದವನ ಮಣಿಕಟ್ಟಿಗೂ ನಡುವೆ ಒಂದೊಂದು ಕಟ್ಟಿದಳು. ಹಾಗೇ ಓಡಿ ಎಂದಳು. ಮೊದಲ ದಿನ ನಾಲ್ವರೂ ಒಂದೇ ಗುಡ್ಡೆಯಾಗಿ ಬಿದ್ದರು. ಗೋಲು ಹೋದಾಗ ಒಬ್ಬ ಅಭ್ಯಾಸದಂತೆ ಪಕ್ಕದವನ ಕಡೆ ಬೆರಳು ತೋರಿಸಲು ಕೈ ಎತ್ತಿದ; ಬೈರಾಸು ಎಳೆದು ಪಕ್ಕದವನ ಕೈಯೂ ಮೇಲೆ ಹೋಯಿತು. ಎಲ್ಲರೂ ನಕ್ಕರು. ಅವಳು ನಗದೆ ಅದನ್ನೇ ಕಾನೂನು ಮಾಡಿದಳು. ಗೋಲು ಹೋದರೆ ಯಾರೂ ಪಕ್ಕದವನಿಗೆ ಬೆರಳು ತೋರಿಸಕೂಡದು.

ಅವಳು ಹಗಲೆಲ್ಲ ಒಂದು ಕ್ಲಿನಿಕ್ಕಿನ ಇನ್ಶೂರೆನ್ಸ್ ಡೆಸ್ಕಿನಲ್ಲಿ ಕೂತು, "ಅಪ್ರೂವಲ್ ಇನ್ನೂ ಬಂದಿಲ್ಲ" ಎಂದು ನಾಲ್ಕು ಭಾಷೆಗಳಲ್ಲಿ ಹೇಳಿ ಬೈಸಿಕೊಳ್ಳುವವಳು. ಮದುವೆಯಾಗಿ ಈ ದೇಶಕ್ಕೆ ಬಂದ ಮೇಲೆ ತನಗೆ ಬರುವ ಒಂದು ವಿದ್ಯೆಯನ್ನು ಬೇರೆಯವರು ಕೇಳಿ ಕಲಿತದ್ದು ಇದೇ ಮೊದಲು ಎಂದು ಒಮ್ಮೆ ಹೇಳಿದ್ದಳು. ಶನಿವಾರ ಬೆಳಿಗ್ಗೆಯಿಂದಲೇ ಅವಳ ನಡಿಗೆ ಬೇರೆ ಇರುತ್ತಿತ್ತು. ಆ ಸೀಸನ್‌ನಲ್ಲಿ ನಮ್ಮ ಡಿಫೆನ್ಸ್ ದಾಟಿ ಬಂದವರು ಎಷ್ಟು ಕಡಿಮೆ ಎಂದರೆ, ನಾನೂ ಒಳ್ಳೆಯ ಕೀಪರ್ ಎಂದು ಕೆಲವರು ತಪ್ಪು ತಿಳಿದುಕೊಂಡರು. ನಾನು ತಿದ್ದಲು ಹೋಗಲಿಲ್ಲ.

ತುಳುವಿನ ಉಪಾಯ ಹುಟ್ಟಿದ್ದು ಆಗಲೇ. ನಾಲ್ವರೂ ಒಟ್ಟಿಗೆ ಮುಂದೆ ಹೆಜ್ಜೆ ಇಟ್ಟರೆ ಎದುರು ತಂಡದವನು ಹಿಂದೆ ಉಳಿದು ಆಫ್‌ಸೈಡ್ ಆಗುತ್ತಾನೆ. ಅದಕ್ಕೆ ಅವಳು ಗೆರೆಯ ಹೊರಗಿನಿಂದ ಇಂಗ್ಲಿಷಿನಲ್ಲಿ ಕೂಗುತ್ತಿದ್ದಳು, ಎದುರಿನವರಿಗೂ ಅರ್ಥವಾಗುತ್ತಿತ್ತು. ಒಂದು ಸಂಜೆ ಖಜಾಂಚಿ ಹೇಳಿದರು, "ತುಳುವಿನಲ್ಲಿ ಹೇಳಿ ಮಾರಾಯ್ತಿ. ಇಡೀ ಎಮಿರೇಟ್ಸಲ್ಲಿ ಯಾರಿಗೆ ಗೊತ್ತಾಗ್ತದೆ?" ನಾವೆಲ್ಲ ಭೇಷ್ ಎಂದೆವು. ಮುಂದೆ ಹೋಗಲು ದುಂಬು, ಹಿಂದೆ ಬರಲು ಪಿರ. ಈಜಿಪ್ಟಿನವರು, ಫಿಲಿಪೀನ್ಸಿನವರು, ಪಂಜಾಬಿಗಳು ಯಾರಿಗೂ ತಲೆಬುಡ ತಿಳಿಯಲಿಲ್ಲ. ಗಲ್ಫಿನಲ್ಲಿ ತುಳು ಗುಟ್ಟಿನ ಭಾಷೆ ಎಂದು ನಂಬುವುದು ಮೀನು ಮಾರ್ಕೆಟಿನಲ್ಲಿ ಬಂಗುಡೆಯನ್ನು ಬಚ್ಚಿಟ್ಟ ಹಾಗೆ. ಆದರೆ ಗೆಲ್ಲುವವರಿಗೆ ಅಂಥ ಯೋಚನೆ ಬರುವುದಿಲ್ಲ.

ಸೆಮಿಫೈನಲ್ ಅಬುಧಾಬಿಯಲ್ಲಿ. ಎದುರಾಳಿಗಳು ಎಲೆಕ್ಟ್ರಾ ಸ್ಟ್ರೀಟಿನ ಅಂಗಡಿಗಳಲ್ಲಿ ಕೆಲಸ ಮಾಡುವವರ ತಂಡ, ತಮ್ಮೊಳಗೆ ಮಲಯಾಳದಲ್ಲೇ ಮಾತಾಡುತ್ತಿದ್ದರು. ಅವರ ಫಾರ್ವರ್ಡ್ ಒಬ್ಬ ಸಣ್ಣ ಮೈಯ ಹುಡುಗ, ಮೊಬೈಲ್ ಅಂಗಡಿಯ ಸೇಲ್ಸ್‌ಮ್ಯಾನ್ ಅಂತೆ. ನನ್ನ ಹೆಂಡತಿ ದುಂಬು ಎಂದ ಕೂಡಲೇ ಅವನೂ ನಮ್ಮವರ ಜೊತೆಗೇ ಮುಂದೆ ಬಂದು ಆಫ್‌ಸೈಡ್ ತಪ್ಪಿಸಿಕೊಳ್ಳುತ್ತಿದ್ದ. ಖಾಲಿಯಾದ ಜಾಗಕ್ಕೆ ಹಿಂದಿನಿಂದ ಇನ್ನೊಬ್ಬ ಓಡಿ ಬರುತ್ತಿದ್ದ. ಪಿರ ಎಂದರೆ ಇವನು ಅಲ್ಲೇ ನಿಂತು ಆರಾಮವಾಗಿ ಚೆಂಡು ತೆಗೆದುಕೊಳ್ಳುತ್ತಿದ್ದ. ಅವಳು ಇನ್ನೂ ಜೋರಾಗಿ ಕೂಗಿದಳು, ಅವನಿಗೆ ಇನ್ನೂ ಚೆನ್ನಾಗಿ ಕೇಳಿಸಿತು. ಮೂರು–ಒಂದರಿಂದ ಸೋತೆವು.

ಆಟ ಮುಗಿದ ಮೇಲೆ ಆ ಹುಡುಗ ನೇರವಾಗಿ ಅವಳ ಹತ್ತಿರ ಬಂದು, "ಅಕ್ಕಾ, ಈರ್ ಎಡ್ಡೆ ಕಲ್ಪಾದರ್" ಎಂದ. ನೀವು ಚೆನ್ನಾಗಿ ಕಲಿಸಿದ್ದೀರಿ ಎಂದು, ಅಚ್ಚ ತುಳುವಿನಲ್ಲಿ. ಕೇರಳದ ಗಡಿಯೊಳಗಿದ್ದೂ ತುಳು ಮಾತಾಡುವ ಮಂಜೇಶ್ವರದವನಂತೆ. ಕುಹಕವಿರಲಿಲ್ಲ ಅವನ ಮಾತಿನಲ್ಲಿ, ಅದೇ ಇನ್ನೂ ಉರಿಸಿತು. ನಮ್ಮ ತಂಡ ಇದ್ದಲ್ಲೇ ಕಲ್ಲಾಯಿತು. ಖಜಾಂಚಿ ಶೂ ಲೇಸ್ ಕಟ್ಟಿಕೊಳ್ಳಲು ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ.

ಹಿಂದಿರುಗುವಾಗಲೂ ಕಾರು ಓಡಿಸಿದ್ದು ನನ್ನ ಹೆಂಡತಿಯೇ. ಆಟ ನೋಡಲು ಬಂದಿದ್ದ ನಮ್ಮ ಮಗಳು ಹಿಂದಿನ ಸೀಟಿನಿಂದ, "ಇಟ್ಸ್ ಓಕೆ ಅಮ್ಮ, ಯು ವರ್ ಜಸ್ಟ್ ಟೂ ಲೌಡ್" ಎಂದಳು. ಸಮಾಧಾನ ಹೇಳಿದ್ದೋ ಬೈದದ್ದೋ ನನಗೆ ತಿಳಿಯಲಿಲ್ಲ. ಅಮ್ಮ ಮಾತ್ರ ಕನ್ನಡಿಯಲ್ಲಿ ಮಗಳನ್ನು ಬಹಳ ಹೊತ್ತು ನೋಡಿದಳು.

ಹಾಗೆ ಕಮಿಟಿ ನಮ್ಮ ಮನೆಗೆ ಬಂತು. ಅಲ್ ಕುಸೈಸ್‌ನ ನಮ್ಮ ಫ್ಲಾಟಿನಲ್ಲಿ ಮೀಟಿಂಗ್ ನಡೆಯುವುದು ಮೊದಲಿನಿಂದ ರೂಢಿ, ಏಕೆಂದರೆ ಗೋಳಿಬಜೆ ಸಿಗುತ್ತದೆ. ತನ್ನನ್ನು ತೆಗೆಯಲು ಬಂದವರಿಗೆ ಅವಳು ಬಜೆ ಕರಿಯುವುದು ಬೇಡವೆಂದು ನಾನು ಹಟ ಹಿಡಿದೆ. ಬಂದವರು ಬರಿಹೊಟ್ಟೆಯಲ್ಲಿ ಹೋಗುವುದು ಬೇಡವೆಂದು ಅವಳು ಕರಿದಳು. ಚಹಾ ನಾನು ಮಾಡಿದೆ, ಸಕ್ಕರೆ ಬೇಕೆಂದೇ ಕಡಿಮೆ ಹಾಕಿದೆ.

ಖಜಾಂಚಿ ಎರಡನೆಯ ಬಜೆ ಮುಗಿಸಿ ಗಂಟಲು ಸರಿ ಮಾಡಿಕೊಂಡರು. "ಅಕ್ಕ, ಬೇಜಾರು ಮಾಡ್ಬೇಡಿ. ನಿಮ್ಮ ಶ್ರಮದ ಬಗ್ಗೆ ಎರಡು ಮಾತಿಲ್ಲ. ಆದ್ರೆ ಇದು ಕಬಡ್ಡಿ ಅಲ್ಲ. ಶಾರ್ಜಾದಲ್ಲಿ ಒಬ್ರಿದ್ದಾರೆ, ಕೋಚಿಂಗ್ ಸರ್ಟಿಫಿಕೇಟ್ ಉಂಟು. ಪ್ರಾಯೋಜಕರೂ ಕೇಳ್ತಾರಲ್ಲ, ಡಿಫೆನ್ಸ್ ಯಾರು ನೋಡುವುದು ಅಂತ."

ಗೆದ್ದೆತ್ತಿನ ಬಾಲ ಹಿಡಿದವರು ಸೋತ ದಿನ ಎತ್ತನ್ನೇ ಮಾರಲು ಹೊರಟಿದ್ದರು. ನನ್ನ ಮೈ ಉರಿಯಿತು. ತುಳು ಯಾರ ತಲೆಯಿಂದ ಬಂತು ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ನನ್ನ ಕಡೆ ನೋಡಿದಳು. ಮದುವೆಯಾದವರಿಗೆ ಆ ನೋಟ ಗೊತ್ತು. ತೆರೆದ ಬಾಯಿಗೆ ನಾನೊಂದು ಬಜೆ ಇಟ್ಟುಕೊಂಡೆ.

"ಕೂಗಿದ್ದು ನಾನು," ಎಂದಳು ಅವಳು. "ಕೇಳಿಸ್ಕೊಂಡು ಅವನು ಗೋಲು ಹೊಡೆಸಿದ. ಅದರಲ್ಲಿ ಬೇರೆ ಮಾತಿಲ್ಲ."

ಕಮಿಟಿಯ ಇನ್ನಿಬ್ಬರಲ್ಲಿ ಒಬ್ಬ ಅವಳ ಕಡೆ, ಒಬ್ಬ ಖಜಾಂಚಿಯ ಕಡೆ. ಗಂಡನ ಓಟು ಲೆಕ್ಕಕ್ಕಿಲ್ಲ ಎಂದು ಮೊದಲೇ ಹೇಳಿದ್ದರು. ಕೊನೆಯ ಮಾತು ಮುಖ್ಯ ಕೋಚಿನದು, ಎಲ್ಲರೂ ಅವರ ಮುಖ ನೋಡಿದರು. ಅವರು ಅವಳ ಮುಖ ನೋಡಿದರು. "ನನಗೆ ಈ ಕೆಲಸ ಬೇಕು," ಎಂದಳು ಅವಳು. ಅಷ್ಟು ನೇರವಾಗಿ ಅವಳು ಏನನ್ನಾದರೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. "ಈ ಶನಿವಾರದ ಪ್ರಾಕ್ಟೀಸ್ ಒಂದು ನೋಡಿ. ಆ ಶಾರ್ಜಾದವರನ್ನೂ ಕರೀರಿ. ಆಮೇಲೆ ತೆಗೆಯುವುದಾದ್ರೆ, ಬೈರಾಸು ನಾನೇ ಅವರ ಕೈಗೆ ಕೊಡ್ತೇನೆ."

"ಯಲ್ಲಾ, ಆಯ್ತು, ಶನಿವಾರ," ಎಂದು ಮುಖ್ಯ ಕೋಚ್ ಎದ್ದರು.

ಶನಿವಾರ ಬಿಸಿಲು ಇಳಿಯುವ ಹೊತ್ತಿಗೆ ಶಾರ್ಜಾದವರು ಬಂದರು. ಸಭ್ಯ ಮನುಷ್ಯ, ಒಳ್ಳೆಯ ಓಟಗಾರ. ಖಜಾಂಚಿ ಅವರನ್ನೇ ಎದುರು ತಂಡದ ಫಾರ್ವರ್ಡ್ ಆಗಿ ನಿಲ್ಲಿಸಿದರು. ನಾನು ಗೋಲಿನಲ್ಲಿ ನಿಂತೆ. ನನ್ನ ಹೆಂಡತಿ ನಾಲ್ವರ ಮಣಿಕಟ್ಟಿನಿಂದ ಬೈರಾಸು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಗೆರೆಯಾಚೆ ಹೋಗಿ ಕೈ ಕಟ್ಟಿ ನಿಂತಳು. ಬಾಯಿ ತೆರೆಯಲಿಲ್ಲ.

ಅವಳು ಆ ವಾರ ನಾಲ್ವರಿಗೆ ಹೇಳಿದ್ದು ಇಷ್ಟೇ ಎಂದು ಆಮೇಲೆ ತಿಳಿಯಿತು. ಕಬಡ್ಡಿಯಲ್ಲಿ ಬಾಯಿಬಿಟ್ಟು ಹೇಳುತ್ತಾ ಬರುವವನು ದಾಳಿಗೆ ಬಂದವನು. ಹಿಡಿಯುವವರು ಯಾವತ್ತೂ ಮಾತಾಡುವುದಿಲ್ಲ, ಪಕ್ಕದ ಕೈಯ ಎಳೆತದಲ್ಲೇ ಎಲ್ಲ ಗೊತ್ತಾಗುತ್ತದೆ. ಇಷ್ಟು ದಿನ ತಾನು ಕೂಗಿದ್ದೇ ಹೆಚ್ಚಾಯಿತು, ಇನ್ನು ಒಬ್ಬರನ್ನೊಬ್ಬರು ನೋಡಿಕೊಳ್ಳಿ ಎಂದಿದ್ದಳು.

ಪಕ್ಕದ ವರ್ಕ್‌ಶಾಪಿನ ಕಂಪ್ರೆಸರ್ ಬಿಟ್ಟರೆ ಮೈದಾನದಲ್ಲಿ ಸದ್ದಿಲ್ಲ. ನಡುವಿನವನು ಭುಜ ಒಂದಿಷ್ಟು ಮುಂದೆ ಚಾಚಿದ, ನಾಲ್ವರೂ ಒಟ್ಟಿಗೆ ಹೆಜ್ಜೆ ಇಟ್ಟರು, ಶಾರ್ಜಾದವರು ಆಫ್‌ಸೈಡ್. ಎಡಗಡೆಯವನು ನಿಂತ, ನಾಲ್ವರೂ ನಿಂತರು. ಬೈರಾಸು ಬಿಚ್ಚಿದ ಮೇಲೂ ಅದರ ಎಳೆತ ಅವರ ಮಣಿಕಟ್ಟಿನಲ್ಲಿ ಉಳಿದಿತ್ತು. ಒಮ್ಮೆ ಒಬ್ಬ ಜಾರಿ ಬಿದ್ದ. ಉಳಿದ ಮೂವರು ಆ ಜಾಗಕ್ಕೆ ಒತ್ತಿಕೊಂಡು ಬಂದರು, ಚೆಂಡು ನನ್ನವರೆಗೆ ಬರಲೇ ಇಲ್ಲ. ಅವರ ನಾಲ್ಕು ಬೆನ್ನುಗಳನ್ನು ಹಿಂದಿನಿಂದ ನೋಡುತ್ತಾ ನಿಂತಿದ್ದ ನನ್ನ ಎದೆ ಹೆಮ್ಮೆಯಿಂದ ಉಬ್ಬಿತು. ಕೀಪರನಿಗೆ ಕೆಲಸವಿಲ್ಲದೆ ಕಣ್ಣು ಒದ್ದೆಯಾಗುವುದು ಒಳ್ಳೆಯ ಡಿಫೆನ್ಸಿನ ಲಕ್ಷಣ ಎಂದುಕೊಂಡೆ.

ಆಟ ನಿಂತಾಗ ಶಾರ್ಜಾದವರು ನೀರು ಕುಡಿದು, ಮುಖ ಒರೆಸಿಕೊಂಡು, ಮುಖ್ಯ ಕೋಚನ್ನು ಕೇಳಿದರು. "ನಿಮ್ಮಲ್ಲಿ ಫಾರ್ವರ್ಡ್ ಜಾಗ ಖಾಲಿ ಉಂಟಾ?" ಮುಖ್ಯ ಕೋಚ್ ಖಜಾಂಚಿಯ ಕಡೆ ತಿರುಗಿ, "ಖಲಾಸ್ ಅಲ್ವಾ?" ಎಂದರು. ಖಜಾಂಚಿ ತಲೆಯಾಡಿಸಿದರು. ಹಾಗೆ ಅವಳ ಕೆಲಸ ಅವಳಲ್ಲೇ ಉಳಿಯಿತು.

ಎಲ್ಲರೂ ಚದುರುವಾಗ ಖಜಾಂಚಿ ಹೋಗದೆ ಅವಳ ಹತ್ತಿರ ಬಂದು ನಿಂತರು. ನಾನು ಗ್ಲವ್ಸ್ ಕಳಚುವ ನೆಪದಲ್ಲಿ ಅಲ್ಲೇ ಇದ್ದೆ.

"ಅಕ್ಕ, ತುಳುವಿನಲ್ಲಿ ಕೂಗಿ ಅಂತ ಹೇಳಿದ್ದು ನಾನು."

"ಗೊತ್ತುಂಟು," ಎಂದಳು, ಬೈರಾಸಿನ ಮರಳು ಕೊಡವುತ್ತಾ.

"ಮತ್ತೆ ಆ ದಿನ ಮೀಟಿಂಗಲ್ಲಿ ಯಾಕೆ ಹೇಳ್ಲಿಲ್ಲ? ಒಂದು ಮಾತು ಹೇಳಿದ್ರೆ ನನ್ನ ಬಾಯಿ ಮುಚ್ತಿತ್ತು."

"ಇವರಿಗೆ ಇಡೀ ವರ್ಷ ಕಲಿಸಿದ್ದು ಎಂತದು? ಗೋಲು ಹೋದ್ರೆ ಪಕ್ಕದವನಿಗೆ ಬೆರಳು ತೋರಿಸ್ಬಾರದು ಅಂತ. ನಾನೇ ತೋರಿಸಿದ್ರೆ ಆಗ್ತದಾ?"

ಖಜಾಂಚಿ ಕೈ ಚಾಚಿ ಬೈರಾಸಿನ ಇನ್ನೊಂದು ತುದಿ ಹಿಡಿದುಕೊಂಡರು. ಇಬ್ಬರೂ ಸೇರಿ ಅದನ್ನು ಕೊಡವಿ ಮಡಚಿದರು, ಆಮೇಲೆ ಎರಡನೆಯದನ್ನು, ಆಮೇಲೆ ಮೂರನೆಯದನ್ನು. ಅವಳು ನನ್ನ ಹೆಂಡತಿ ಎಂದು ಆ ಮೈದಾನದಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೂ ನನಗೆ ಅದನ್ನು ಒಮ್ಮೆ ಜೋರಾಗಿ ಕೂಗಿ ಹೇಳಬೇಕೆನಿಸಿತು, ತುಳುವಿನಲ್ಲೇ, ಮಂಜೇಶ್ವರದವನಿಗೂ ಕೇಳುವ ಹಾಗೆ.