ಎಳೀತದೋ ಇಲ್ವೋ?

ವಾಸು ಮಾವ ಎದುರು ಬಂದವರ ಹೆಸರು ಕೇಳುವ ಮೊದಲೇ ತೂಕ ಅಂದಾಜು ಮಾಡಿಬಿಡುತ್ತಿದ್ದರು. ಗಾಡಿಯ ಬೆನ್ನ ಮೇಲೆ ಎಷ್ಟು ಭಾರ ಹೇರಬಹುದೆಂಬ ಸರ್ಕಾರಿ ಲೆಕ್ಕಕ್ಕೆ ಮುಂಬಯಿ ಪಕ್ಕದ ನಮ್ಮ ಠಾಣೆ ಊರಿನ ಕಡೆ ‘ಪಾಸಿಂಗ್’ ಎನ್ನುತ್ತಾರೆ. ಮಾವ ಆ ಮಾತನ್ನು ಮನುಷ್ಯರಿಗೂ ಅಂಟಿಸಿದ್ದರು. ಅಕ್ಕನನ್ನು ನೋಡಲು ಡೊಂಬಿವಲಿಯಿಂದ ಬಂದ ಸಣಕಲು ಹುಡುಗನ ಮುಂದೆ ಉಪ್ಪಿಟ್ಟಿನ ತಟ್ಟೆ ಇಡುತ್ತಾ, “ಇವರ ಪಾಸಿಂಗ್ ಎಷ್ಟು ಮಾರಾಯ್ರೆ? ನಮ್ಮ ಹುಡುಗಿ ಓವರ್‌ಲೋಡ್ ಆಗ್ತಾಳಲ್ಲ,” ಎಂದರು. ಹುಡುಗ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಒಳಗೆ ಅಕ್ಕ ಅಳುತ್ತಿದ್ದರೆ ಹೊರಗೆ ಮಾವ ಅದೇ ಮಾತನ್ನು ಪಕ್ಕದ ಮನೆಯವರಿಗೆ ಹೇಳಿ ನಗಿಸುತ್ತಿದ್ದರು.

ಠಾಣೆಯ ಕೋಪರಿಯಲ್ಲಿ ಅವರ ಹೋಟೆಲು. ಅಪ್ಪ ತೀರಿಕೊಂಡ ಮೇಲೆ ನಮ್ಮ ಹೊಟ್ಟೆ ತುಂಬಿಸಿದವರು ಅವರೇ. ಊಟದ ಜೊತೆ ಒಂದು ಚುಚ್ಚುಮಾತೂ ಬರುತ್ತಿತ್ತು ಅನ್ನಿ. ಆದರೂ ನನಗೆ ಅವರ ಮೇಲೆ ಪ್ರೀತಿಯಿತ್ತು, ಸುಳ್ಳೇಕೆ ಹೇಳಲಿ.

ಮದುವೆ ಊಟದ ಆರ್ಡರುಗಳು ಹೆಚ್ಚಾದಾಗ ಮಾವ ಕಾರ್ಖಾನೆಗಳಿರುವ ವಾಗ್ಳೆ ಎಸ್ಟೇಟಿನ ಗ್ಯಾರೇಜೊಂದರಲ್ಲಿ ಅಡುಗೆಯ ಟ್ರಾಲಿಯೊಂದನ್ನು ಮಾಡಿಸಿದರು. ಒಲೆ, ಗ್ರೈಂಡರ್, ನೀರಿನ ಟ್ಯಾಂಕು ಎಲ್ಲ ಅದರಲ್ಲೇ. ಎಳೆಯಲು ಹೋಟೆಲಿನ ಪಿಕಪ್. ಅದರ ಪಾಸಿಂಗ್ ಒಂದೂವರೆ ಟನ್. ಹಾಗಾಗಿ ಟ್ರಾಲಿ ಒಂದೂವರೆ ಟನ್ ತೂಗಿದರೂ ನಡೆಯುತ್ತದೆಂದು ಮಾವ ತೀರ್ಮಾನಿಸಿದರು. ಅಕ್ಕಿ, ಪಾತ್ರೆ, ಸಿಲಿಂಡರುಗಳನ್ನು ಪಿಕಪ್ಪಿನ ಬೆನ್ನ ಮೇಲೆ ಬೇರೆ ಹೇರಿಸಿದರು.

ಡ್ರೈವರ್ ಗಣಪ ಬೈಂದೂರಿನವನು, ಮಿತಭಾಷಿ. ಒಂದು ದಿನ ಗಲ್ಲಾದ ಎದುರು ಬಂದು ನಿಂತ. “ಇಳಿಜಾರಲ್ಲಿ ಟ್ರಾಲಿ ಹಿಂದಿನಿಂದ ದೂಡ್ತದೆ ಅಣ್ಣ. ಬ್ರೇಕ್ ತುಳಿದ್ರೂ ಗಾಡಿ ಕೇಳುದಿಲ್ಲ.”

“ಗಾಡಿದಲ್ಲ, ನಿನ್ನ ಪಾಸಿಂಗ್ ಕಡಿಮೆ,” ಎಂದರು ಮಾವ. ಸಪ್ಲೈಯರುಗಳು ನಕ್ಕರು. ಮಾವ ನನ್ನ ಕಡೆ ತಿರುಗಿ, “ನೀನು ಓದಿದವ. ಎಷ್ಟು ಎಳೀಬಹುದು ಅಂತ ಕೇಳಿಕೊಂಡು ಬಾ. ಇವನ ಬಾಯಿ ಮುಚ್ಚಿಸುವ,” ಎಂದರು.

ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿದೆ. ಹೊರುವ ಲೆಕ್ಕ ಬೇರೆ, ಎಳೆಯುವ ಲೆಕ್ಕ ಬೇರೆ. ಗಾಡಿ, ಟ್ರಾಲಿ ಎರಡೂ ಸೇರಿ ಇಷ್ಟೇ ಇರಬೇಕೆಂದು ಕಂಪನಿಯವರು ಒಂದು ಒಟ್ಟು ತೂಕ ಹೇಳಿರುತ್ತಾರೆ. ಅದರಲ್ಲಿ ಗಾಡಿಯ ಸ್ವಂತ ತೂಕ, ಕೂತವರು, ಹೇರಿದ ಸಾಮಾನು ಕಳೆದು ಉಳಿದದ್ದು ಮಾತ್ರ ಟ್ರಾಲಿಯ ಪಾಲು. ಟ್ರಾಲಿಗೆ ಅದರದೇ ಬ್ರೇಕ್ ಇಲ್ಲದಿದ್ದರೆ ಇನ್ನೂ ಕಡಿಮೆ. ನಮ್ಮದಕ್ಕೆ ಇರಲಿಲ್ಲ. ಲಾರಿ ತೂಗುವ ಕಾಟಾಕ್ಕೆ ಹಾಕಿ ನೋಡಿದರೆ, ಖಾಲಿ ಟ್ರಾಲಿಯೇ ಆ ಮಿತಿಯನ್ನು ದಾಟಿತ್ತು.

ಬದಲಾಪುರದ ಮದುವೆಯೊಂದಕ್ಕೆ ಟ್ರಾಲಿ ಹೊರಡುವ ದಿನ, ಗಣಪನ ಎದುರೇ ಮಾವನಿಗೆ ಎಲ್ಲವನ್ನೂ ಹೇಳಿದೆ.

“ಅದೆಲ್ಲ ಬಿಡು. ಎಳೀತದೋ ಇಲ್ವೋ?”

“ಎಳೀತದೆ ಮಾವ. ನಿಲ್ಲುದಿಲ್ಲ.”

“ನಿಲ್ಲುದು ಯಾಕೆ? ನಮ್ಗೆ ಬದಲಾಪುರ ಮುಟ್ಟಿದ್ರೆ ಸಾಕು.”

ಮತ್ತೆ ನಗು. ಮದುವೆಗೆ ಹೊತ್ತಾಗಿತ್ತು. ಗಣಪ ಕೀಲಿ ತೆಗೆದುಕೊಂಡು ಹೊರಟ.

ಬದಲಾಪುರದ ಹತ್ತಿರ ಸೇತುವೆಯಿಂದ ಇಳಿಯುವಾಗ ಟ್ರಾಲಿ ಪಿಕಪ್ಪನ್ನು ಅಡ್ಡಕ್ಕೆ ತಳ್ಳಿ ಸೇತುವೆಯ ಗೋಡೆಗೆ ಒತ್ತಿತು. ಗಣಪನ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಮಾವ ಮೊದಲು ಬೇರೆ ಹೋಟೆಲಿನಿಂದ ಮದುವೆಗೆ ಊಟ ಕಳಿಸಿ, ಆಮೇಲೆ ಆಸ್ಪತ್ರೆಗೆ ಬಂದರು. ಗಣಪನ ಹೆಂಡತಿಗೆ, “ಗಾಡಿ ಸರಿಯೇ ಎಳೀತಿತ್ತು. ಇವನಿಗೆ ಹಿಡಿಲಿಕ್ಕೆ ಆಗ್ಲಿಲ್ಲ,” ಎಂದರು. ಆ ಕ್ಷಣ ನನಗೆ ಮಾವ ಎಂದರೆ ಹೇಸಿಗೆಯಾಯಿತು.

ಅವರನ್ನು ಕೊನೆಯ ಸಲ ನೋಡಿದ್ದು ವಾಗ್ಳೆ ಎಸ್ಟೇಟಿನ ಗ್ಯಾರೇಜಿನಲ್ಲಿ. ನೆಟ್ಟಗಾದ ಟ್ರಾಲಿಗೆ ಹೊಸ ಬಣ್ಣ ಹೊಡೆಸುತ್ತಿದ್ದರು. ಬ್ರೇಕ್ ಹಾಕಿಸಿದಿರಾ ಎಂದು ಕೇಳಿದೆ. ಇಲ್ಲವೆಂದು ಕೈಯಾಡಿಸಿದರು. ಹಾಗಾದರೆ ಇದನ್ನು ಯಾರು ಓಡಿಸುತ್ತಾರೆ ಎಂದೆ.

“ಗಣಪನ ತಮ್ಮ ಇದ್ದಾನಲ್ಲ, ನಾಳೆಯಿಂದ ಬರ್ತಾನೆ,” ಎಂದರು ಮಾವ. “ಪಾಪ, ಅವರ ಮನೆಯೂ ನಡೀಬೇಕಲ್ಲ.”