ಗಾಳಿ ಎಳೆಯುವ ಮಶಾಕಸಾಬರು

ಕೋಳಿ ಎರಡನೆಯ ಸಲ ಕೂಗುವ ಹೊತ್ತಿಗೆ ಮಶಾಕಸಾಬರು ಕಚೇರಿಯ ಹಿಂದಿನ ಓಣಿಯಲ್ಲಿರುತ್ತಾರೆ. ಮುಂಬಾಗಿಲ ಕಡೆ ಅವರು ಹೋಗುವುದಿಲ್ಲ. ಬಾವಿಯಿಂದ ಹನ್ನೆರಡು ಕೊಡ ನೀರು ಸೇದಿ, ಕಿಟಕಿಗಳಿಗೆ ಕಟ್ಟಿದ ಲಾವಂಚದ ತಟ್ಟಿಗಳಿಗೆ ಹೊರಗಿನಿಂದಲೇ ಎರಚುತ್ತಾರೆ. ಆಮೇಲೆ ಗೋಡೆಯ ತೂತಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಅಲ್ಲಿರುವ ಕಬ್ಬಿಣದ ಗಾಲಿಗೆ ಬೆರಳಿನಿಂದ ಔಡಲೆಣ್ಣೆ ಸವರುತ್ತಾರೆ. ಎಣ್ಣೆ ಆರಿದರೆ ಗಾಲಿ ಕಿರುಗುಟ್ಟುತ್ತದೆ. ಗಾಲಿ ಕಿರುಗುಟ್ಟಿದರೆ ಒಳಗಿನಿಂದ ಬೈಗುಳ ಬರುತ್ತದೆ.

ತೂತು ಒಂದು ಮುಷ್ಟಿಯಷ್ಟು. ಅದರೊಳಗಿಂದ ಒಂದು ಹಗ್ಗ. ಹಗ್ಗದ ಆ ತುದಿಗೆ, ಸಾಹೇಬರ ನೆತ್ತಿಯ ಮೇಲೆ, ತೊಲೆಯಿಂದ ಇಳಿಬಿಟ್ಟ ಹನ್ನೆರಡು ಅಡಿಯ ಮರದ ಪಟ್ಟಿ, ಅದಕ್ಕೆ ಹೊಲಿದ ಬಿಳಿ ಬಟ್ಟೆಯ ಜಾಲರಿ. ಅದೇ ಪಂಖಾ. ಹಗ್ಗದ ಈ ತುದಿಗೆ ಮಶಾಕಸಾಬರ ಕೈ. ಕೈ ಸೋತಾಗ ಬಲಗಾಲಿನ ಹೆಬ್ಬೆರಳು. ಆ ಬೆರಳಿಗೆ ಉಗುರಿಲ್ಲ. ಅದು ಯಾವ ವರ್ಷ ಉದುರಿತು ಎಂದು ಕೇಳಿದರೆ ಅವರಿಗೂ ನೆನಪಿಲ್ಲ.

ಊರು ಯಾವುದು, ಕಚೇರಿ ಯಾವುದು ಎಂದು ಇಲ್ಲಿ ಬರೆದಿಲ್ಲ. ಸೇಡಂನಿಂದ ಶಹಾಬಾದದ ತನಕ ಹುಡುಕಿದರೆ ಇಂಥ ಗೋಡೆಗಳು ಇನ್ನೂ ಸಿಕ್ಕಾವು. ಬರೆಯದಿರಲು ಕಾರಣ ಮಶಾಕಸಾಬರ ಮಾತು: "ನನ್ನ ಹೆಸರ ಹಾಕ್ರಿ, ಕಚೇರಿ ಹೆಸರ ಬ್ಯಾಡ್ರಿ. ಹೊಟ್ಟಿ ಮಾತದ."

ಬಿಸಿಲುಗಾಲದಲ್ಲಿ ಕಚೇರಿ ಬೆಳಿಗ್ಗೆ ಏಳಕ್ಕೇ ಶುರು. ಮಧ್ಯಾಹ್ನ ಎರಡರವರೆಗೆ ಹಗ್ಗ ನಿಲ್ಲುವಂತಿಲ್ಲ. ನಿಮಿಷಕ್ಕೆ ಇಪ್ಪತ್ತನಾಲ್ಕು ಎಳೆತ. ದಿನಕ್ಕೆ ಹತ್ತು ಸಾವಿರ. ಒಂದು ಎಳೆತಕ್ಕೆ ಒಂದೂವರೆ ಮೊಳ ಹಗ್ಗ ಹಿಡಿದರೂ ಮಶಾಕಸಾಬರು ಕೂತಲ್ಲೇ ದಿನಾ ನಾಲ್ಕು ಮೈಲಿ ಹಗ್ಗ ಎಳೆಯುತ್ತಾರೆ. ವಾಡಿ ಸ್ಟೇಷನ್ನಿನಿಂದ ಹೊರಟಿದ್ದರೆ ಹದಿನಾಲ್ಕು ಬೇಸಿಗೆಗಳಲ್ಲಿ ಎಲ್ಲಿಗೋ ಮುಟ್ಟಬಹುದಿತ್ತು. ಮುಟ್ಟಿದ್ದು ಮಾತ್ರ ಇದೇ ಗೋಡೆ. ಹನ್ನೊಂದರ ನಂತರ ಓಣಿಗೆ ನೆರಳಿಲ್ಲ. ಆಗ ಅವರು ಮುಖದ ಮೇಲೆ ಟವೆಲು ಹಾಕಿಕೊಂಡು ಬೆನ್ನ ಮೇಲೆ ಮಲಗಿ, ಕಾಲಿನಿಂದ ಎಳೆಯುತ್ತಾರೆ. ಪಕ್ಕದಲ್ಲಿ ಕಚೇರಿಯ ಸಂಡಾಸ. ಆ ವಾಸನೆಗೆ ಹೆದರಿ ಒಳಗಿನವರು ಯಾರೂ ಈ ಓಣಿಗೆ ಕಾಲಿಡುವುದಿಲ್ಲ.

ಒಳಗಿನ ಮಾತೆಲ್ಲ ತೂತಿನಿಂದ ಹೊರಗೆ ಬರುತ್ತದೆ. ಹೊರಗಿನ ಮಾತು ಒಳಗೆ ಹೋಗಬಾರದು. ಹಾಗೆಂದು ಯಾರೂ ಬರೆದು ಅಂಟಿಸಿಲ್ಲ. ಮೊದಲ ದಿನವೇ ಹೇಳಿದ್ದರು, ಅಷ್ಟೆ. ಯಾರ ಹೊಲ ಯಾರ ಪಾಲಾಯಿತು, ಯಾವ ಗುಮಾಸ್ತರ ಮಗಳಿಗೆ ಗಂಡು ಗೊತ್ತಾಯಿತು, ಎಲ್ಲ ಮಶಾಕಸಾಬರಿಗೆ ಗೊತ್ತು. ಅವರ ಹೆಸರು ಮಾತ್ರ ಒಳಗೆ ಒಬ್ಬರಿಗೂ ಗೊತ್ತಿರಲಿಲ್ಲ. ಗಾಳಿ ಸಣ್ಣದಾದರೆ ತೂತಿನಿಂದ ಕೂಗು ಬರುತ್ತಿತ್ತು: "ಏ ಪಂಖಾ! ನಿದ್ದಿ ಹೊಡಿಲಿಕತ್ತೀ ಏನಲೇ?"

"ಬೈಲಿ ಬಿಡ್ರಿ," ಎನ್ನುತ್ತಾರೆ ಮಶಾಕಸಾಬರು. "ದಿನಕ್ಕ ಒಂದ ಮಾತು ನನಗಂತ ಬರೋದು ಅದೊಂದ."

ಅವರೊಡನೆ ಮಾತಾಡುವವರು ಮನೆಯಲ್ಲೂ ಇಲ್ಲ. ಮಕ್ಕಳಾಗಲಿಲ್ಲ. ಪೊಲೀಸ್ ಆಕ್ಷನ್ನಿನ ಗದ್ದಲದಲ್ಲಿ ಊರು ಬಿಟ್ಟ ತಮ್ಮ ತಿರುಗಿ ಬರಲಿಲ್ಲ. ಹೆಂಡತಿ ಇಮಾಮ್ಬೀ ಹೋದ ವರ್ಷದ ಹಿಂದಿನ ಬೇಸಿಗೆಯಲ್ಲಿ ತೀರಿಕೊಂಡರು. ರೊಟ್ಟಿ ಬಡಿಯಲು ಬಾರದೆ ಈಗ ಜೋಳದ ಗಂಜಿ ಕಾಸಿಕೊಂಡು ಕುಡಿಯುತ್ತಾರೆ. ಬಗಲ ಮನೆಯ ಗನಿಸಾಬರು ಸಂಜೆಗೊಮ್ಮೆ ಬಂದು ಬೀಡಿ ಹಚ್ಚಿ ಕೂರುತ್ತಾರೆ. ಇಬ್ಬರೂ ಹೆಚ್ಚು ಮಾತಾಡುವುದಿಲ್ಲ.

ಜೂನಿನಲ್ಲಿ ಮಿರಗದ ಮಳೆ ಬಿದ್ದ ಮೇಲೆ ಪಂಖಾ ಬೇಡ, ಮಶಾಕಸಾಬರೂ ಬೇಡ. ಹಗ್ಗ ಸುತ್ತಿ ಒಳಗಿಡುತ್ತಾರೆ, ಮನುಷ್ಯನನ್ನು ಹೊರಗೆ ಬಿಡುತ್ತಾರೆ. ಉಳಿದ ಎಂಟು ತಿಂಗಳು ರಾವೂರಿನ ಫರಸಿ ಖಣಿಯಲ್ಲಿ ಕಲ್ಲು ಹೊರುವ ಕೆಲಸ. ಹೋದ ಚಳಿಗಾಲದಲ್ಲಿ ಅಲ್ಲಿ ಕೆಮ್ಮು ಹತ್ತಿತು. ಕೆಮ್ಮಿನ ಜೊತೆ ಒಂದೆರಡು ಸಲ ರಕ್ತ ಬಂತು. "ಇನ್ನೊಂದ ಸಲ ಖಣಿಗಿ ಇಳದ್ರ ನನ್ನ ಅಲ್ಲೇ ಮುಚ್ಚಬೇಕಾಗ್ತದ್ರಿ," ಎಂದು ನಗುತ್ತಾರೆ. ಆ ನಗು ನೋಡುವುದು ಕಷ್ಟ.

ಶಹಾಬಾದದ ಕಾರ್ಖಾನೆಯ ದೊಡ್ಡವರ ತಲೆಯ ಮೇಲೆ ಕರೆಂಟಿನ ಪಂಖಾ ತಿರುಗುತ್ತದಂತೆ. ಇಲ್ಲಿಗೂ ಒಂದು ದಿನ ಬರುತ್ತದೆ. ಆಗ ಹುಟ್ಟುವ ಮಕ್ಕಳು ಈ ತೂತಿಗೆ ಬೆರಳು ಹಾಕಿ, ಇದೇನು ಎಂದು ಕೇಳುತ್ತವೆ. ಒಬ್ಬ ಮನುಷ್ಯನನ್ನು ಬಿಸಿಲಿಗೆ ಹಾಕಿ, ಅವನ ಕಾಲಿಗೆ ಹಗ್ಗ ಕಟ್ಟಿ, ನಾವು ತಂಪಾಗಿ ಕೂತು ನ್ಯಾಯ ಹೇಳುತ್ತಿದ್ದೆವು ಎಂದು ಅವಕ್ಕೆ ಯಾವ ಬಾಯಿಂದ ಹೇಳೋಣ? ಭಾಳ ಸೆಕೆಯಿತ್ತಪ್ಪಾ ಎನ್ನೋಣವೇ? ನಿಜಾಮರ ಕಾಲದ ಪದ್ಧತಿ ಎಂದು ಕೈ ತೊಳೆದುಕೊಳ್ಳುವಂತಿಲ್ಲ. ಅವರ ಕಾಲ ಮುಗಿದು ಆರು ವರ್ಷವಾಯಿತು. ಗೋಡೆಯ ಮೇಲಿನ ಪಟ ಬದಲಾಯಿತು, ಬಾವುಟ ಬದಲಾಯಿತು, ಮಶಾಕಸಾಬರ ಕಾಲಿನ ಹಗ್ಗ ಬದಲಾಗಲಿಲ್ಲ. ಯಾರೂ ಕ್ರೂರಿಗಳಲ್ಲ, ಅದೇ ಸಿಟ್ಟು ಬರುವ ಮಾತು. ಒಳಗೆ ಕೂತವರೆಲ್ಲ ದೇವರಿಗೆ ದೀಪ ಹಚ್ಚಿ ಬರುವ ಒಳ್ಳೆಯ ಜನ. ಗಾಳಿ ತಾನಾಗಿ ಬೀಸುತ್ತದೆ ಎಂದೇ ತಿಳಿದಿದ್ದಾರೆ.

ಈ ಬೇಸಿಗೆ ಹೊಸ ಸಾಹೇಬರು ಬಂದರು. ಒಂದು ಚಪರಾಸಿ ಜಾಗ ಖಾಲಿಯಿತ್ತು. ಹತ್ತು ವರ್ಷ ಕಚೇರಿಯಲ್ಲಿ ದುಡಿದವನು ಯಾವನಾದರೂ ಇದ್ದು, ಕಚೇರಿಯ ಹಳಬರು ಅವನ ಗುರುತು ಹೇಳಿದರೆ ಖಾಯಂ ಮಾಡಲು ಮೇಲಕ್ಕೆ ಬರೆಯುತ್ತೇನೆ ಎಂದರು. ಮಾತು ತೂತಿನಿಂದ ಹೊರಗೆ ಬಂತು. ಚಪರಾಸಿಯಾದರೆ ವರ್ಷಪೂರ್ತಿ ಕೆಲಸ, ನೆರಳಿನಲ್ಲಿ ನಿಲ್ಲುವ ಕೆಲಸ. ಖಣಿ ತಪ್ಪುತ್ತದೆ. ಮಶಾಕಸಾಬರು ಮೂರು ದಿನ ಯೋಚನೆ ಮಾಡಿ, ನಾಲ್ಕನೆಯ ದಿನ ಕಚೇರಿ ಮುಗಿದ ಮೇಲೆ, ಜೊತೆಗೆ ಗನಿಸಾಬರನ್ನು ಕರೆದುಕೊಂಡು ಮೊದಲ ಸಲ ಮುಂಬಾಗಿಲಿಗೆ ಹೋದರು.

"ಯಾರ ನೀವು?" ಎಂದ ಚಪರಾಸಿ ಗುರುಲಿಂಗಪ್ಪ.

"ಪಂಖಾರಿ."

"ಪಂಖಾ ಒಳಗದ. ನೀವ್ಯಾರು?"

ಸಾಹೇಬರು ಕರೆಸಿಕೊಂಡರು. ಹದಿನಾಲ್ಕು ವರ್ಷದ ಮಾತು ಕೇಳಿ, "ಇವರನ್ನ ಬಲ್ಲವರ್ಯಾರು?" ಎಂದು ಸುತ್ತ ನೋಡಿದರು. ಗುರುಲಿಂಗಪ್ಪ ಕೆಲಸಕ್ಕೆ ಸೇರಿ ಒಂದೇ ವರ್ಷ. "ಒಮ್ಮಿ ಹಿಂದ ಇಣುಕಿದ್ನಿರಿ. ಮಾರಿ ಮ್ಯಾಲ ಟವೆಲ ಇತ್ತು. ಕಾಲಷ್ಟ ನೋಡೀನಿ," ಎಂದ. ಮಶಾಕಸಾಬರನ್ನು ಕೆಲಸಕ್ಕಿಟ್ಟ, ಆಳುಗಳ ಲೆಕ್ಕ ನೋಡುತ್ತಿದ್ದ ಹಳೆಯ ನಾಜರು ಗದ್ದಲದ ವರ್ಷವೇ ಹೈದ್ರಾಬಾದಿಗೆ ಹೋದರು; ಅವರ ಕಾಗದದ ಪೆಟ್ಟಿಗೆ ಸುಟ್ಟುಹೋಯಿತು. ಅಂದಿನಿಂದ ಇಂದಿನವರೆಗೆ ಇರುವವರು ಒಬ್ಬರೇ, ಗುಮಾಸ್ತರಾದ ಪ್ರಾಣೇಶರಾಯರು. ಹದಿನಾಲ್ಕು ವರ್ಷವೂ ಅವರ ಮೇಜು ಆ ಪಂಖಾದ ಕೆಳಗೇ ಇದೆ.

ರಾಯರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. "ಸುಳ್ಳ ಹ್ಯಾಂಗ ಹೇಳ್ಲಿರಿ ಸಾಹೇಬ್ರ? ಈ ಮಾರಿ ನಾ ಎಂದೂ ನೋಡಿಲ್ಲ."

ಮಶಾಕಸಾಬರು ಬಾಗಿಲ ಕಡೆ ತಿರುಗಿದರು. ಆಗ ರಾಯರೇ, ತುಸು ಅಂಜುತ್ತ ಅಂದರು: "ಒಂದ ಮಾತ್ರಿ. ಮಾರಿ ಗೊತ್ತಿಲ್ಲ. ಗಾಳಿ ಗೊತ್ತದ."

ಸಾಹೇಬರು ನಕ್ಕರು, ಆದರೆ ಒಪ್ಪಿದರು. ಮಶಾಕಸಾಬರು, ಗನಿಸಾಬರು ಇಬ್ಬರೂ ಹಿಂದಕ್ಕೆ ಹೋಗಬೇಕು, ತಮಗೆ ತಿಳಿದಂತೆ ಒಬ್ಬರಾದ ಮೇಲೆ ಒಬ್ಬರು ಎಳೆಯಬೇಕು, ಯಾವುದು ತಮ್ಮ ಹಳೆಯ ಗಾಳಿಯೆಂದು ರಾಯರು ಹೇಳಬೇಕು.

ಓಣಿಯಲ್ಲಿ ಗನಿಸಾಬರೇ ಮೊದಲು ಹಗ್ಗ ಹಿಡಿದರು. ನಾಲ್ಕು ಸಲ ಎಳೆದಿದ್ದರೋ ಇಲ್ಲವೋ, ಒಳಗೆ ಕಾಗದಗಳು ಹಾರಿದ ಸದ್ದು, ಮೇಜಿನ ಮೇಲೆ ಅಂಗೈ ಬಡಿದ ಸದ್ದು.

"ಇಂವ ಅಲ್ಲ!" ರಾಯರ ದನಿ. "ಇದು ಆ ದಿನದ ಗಾಳಿ. ಎರಡ ವರ್ಷಾತು, ಒಂದ ಸೋಮವಾರ, ದಿನಾ ಪೂರಾ ಹೀಂಗ ಕಾಗದ ಹಾರಿದ್ವು. ಕುಡದೀ ಏನಲೇ ಅಂತ ಈ ಕಂಡೀಲೆ ನಾನ ಬೈದೀನಿ. ಅದೊಂದ ದಿನ ಬಿಟ್ರ..."

ಗನಿಸಾಬರು ಹಗ್ಗ ಬಿಟ್ಟರು. ತೂತಿಗೆ ಬಾಯಿ ಹಚ್ಚಿದರು. ಮಶಾಕಸಾಬರು ಬೇಡವೆಂದು ಅಂಗಿ ಜಗ್ಗುವಷ್ಟರಲ್ಲಿ ಮಾತು ಆಚೆಗೆ ಹೋಗಿಯಾಗಿತ್ತು.

"ಕುಡದಿದ್ದಿಲ್ರೀ! ಅವತ್ತು ಇಂವ ಹೆಂಡತೀನ ಮಣ್ಣ ಮಾಡಾಕ ಹೋಗಿದ್ದ. ನಾ ಎಳದೀನಿ. ನನಗ ಬರಂಗಿಲ್ಲ, ಬೈಸ್ಕೊಂಡೀನಿ."

ಆ ತೂತಿನಿಂದ ಒಳಗೆ ಹೋದ ಮೊದಲ ಮಾತು ಅದು. ಮಶಾಕಸಾಬರು ಏನು ಮಾಡಬೇಕೆಂದು ತಿಳಿಯದೆ, ಗೊತ್ತಿದ್ದ ಒಂದನ್ನು ಮಾಡಿದರು: ಹಗ್ಗ ಹಿಡಿದು ಎಳೆಯತೊಡಗಿದರು. ಉದ್ದಕ್ಕೊಂದು, ನಿಧಾನಕ್ಕೊಂದು. ಕಾಗದ ಹಾರಲಿಲ್ಲ. ರಾಯರ ದನಿ ಬಂತು. ದನಿ ಸಣ್ಣದಾಗಿತ್ತು.

"ಹಾಂ. ಇವರ."

ಸಾಹೇಬರು ಮೇಲಕ್ಕೆ ಬರೆದಿದ್ದಾರೆ. ಜವಾಬು ಬಂದಿಲ್ಲ. ಮಿರಗ ಇನ್ನು ಒಂಬತ್ತು ದಿನ. ಜವಾಬು ಮೊದಲು ಬರುತ್ತದೋ, ಮಳೆ ಮೊದಲು ಬರುತ್ತದೋ, ಹೇಳುವವರಿಲ್ಲ. ಏನಾದರೂ ಬದಲಾಗಿದೆಯೇ ಎಂದು ಕೇಳಿದರೆ ಮಶಾಕಸಾಬರ ಮುಖ ಅರಳುತ್ತದೆ. "ಆಗ್ಯಾದಲ್ರಿ. ಮೊದಲ ಏ ಪಂಖಾ ಅಂತಿದ್ರು. ಈಗ ಏ ಮಶಾಕ, ಜೋರ ಎಳಿ ಅಂತಾರ."

ಕಚೇರಿಯಲ್ಲಿ ಅವರು ಹೇಳದೆ ಉಳಿಸಿಕೊಂಡ ಮಾತು ಇನ್ನೊಂದಿದೆ. ಅವತ್ತು ಅರ್ಧ ಗಳಿಗೆ ಆ ಪಂಖಾದ ಕೆಳಗೆ ನಿಂತಿದ್ದರು, ಆದರೆ ಪಂಖಾ ಸುಮ್ಮನಿತ್ತು. ಎಳೆಯುವವರು ಒಳಗೇ ಇದ್ದರಲ್ಲ. ಇಮಾಮ್ಬೀ ಕೇಳುತ್ತಿದ್ದರಂತೆ, ಆ ಗಾಳಿ ಹ್ಯಾಂಗಿರ್ತದ ಹೇಳು ಎಂದು. ಹೇಳಲು ಅವರಿಗೆ ಗೊತ್ತಿರಲಿಲ್ಲ. ಇಂದಿಗೂ ಗೊತ್ತಿಲ್ಲ.

"ಒಂದ ಆಸೆ ಅದರಿ," ಎನ್ನುತ್ತಾರೆ, ಗಾಲಿಗೆ ಎಣ್ಣೆ ಸವರುತ್ತ. "ಖಾಯಂ ಆದ ಮ್ಯಾಲ ಒಂದಿನ, ಒಂದ ತಾಸು ಸಾಕು, ಅದರ ಕೆಳಗ ಕುಂಡ್ರಬೇಕು. ಕುರ್ಚಿ ಬ್ಯಾಡ, ನೆಲದ ಮ್ಯಾಲ. ಕಣ್ಣ ಮುಚ್ಕೊಂಡು..."

ಎಣ್ಣೆಯ ಬೆರಳು ಗಾಲಿಯ ಮೇಲೆ ಹಾಗೇ ಉಳಿಯುತ್ತದೆ.

"ಇಲ್ರಿ, ಅದನ್ನ ಬರೀಬ್ಯಾಡ್ರಿ. ನಾ ಒಳಗ ಕುಂತ್ರ, ಇಲ್ಲಿ ಯಾರರೆ ಒಬ್ರು ಕುಂಡ್ರಬೇಕಾಗ್ತದ."